ರಾಜಶ್ರೀಯ ಕೋಣೆ

ಸಿಂಧನೂರಿನಲ್ಲಿ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧ ಮಾರುವ ಸಿದ್ದಲಿಂಗೇಶ ಹೊಸ ಮನೆಯಲ್ಲಿ ಎಲ್ಲಕ್ಕಿಂತ ಆಸ್ಥೆಯಿಂದ ಮಾಡಿಸಿದ್ದು ಮಗಳ ಕೋಣೆಯನ್ನು. ಅಡುಗೆಮನೆಗೆ ಯಾವ ಬಣ್ಣ ಎಂದು ಹೆಂಡತಿ ಶಿವಕುಮಾರಿ ಕೇಳಿದಾಗ “ಯಾವದರ ಹಚ್ಚಸು” ಎಂದು ಸುಮ್ಮನಾಗಿದ್ದವನು, ಏಳನೆಯ ತರಗತಿಯ ರಾಜಶ್ರೀಯ ಕೋಣೆಗೆ ಮಾತ್ರ ಮಸ್ಕಿಯಿಂದ ಪೇಂಟರ್ ಮಂಜೂರನನ್ನು ಕರೆಸಿ, ಮೂರು ದಿನ ಅಂಗಡಿಯ ಕಡೆ ಹಾಯದೆ ಎದುರಿಗೇ ನಿಂತು ಕೆಲಸ ಮಾಡಿಸಿದ. ಮೂರು ಗೋಡೆಗೆ ತಿಳಿಗುಲಾಬಿ. ನಾಲ್ಕನೆಯ ಗೋಡೆಯ ತುಂಬ ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು ನಗುತ್ತಿರುವ ಹುಡುಗಿ. ಕೆಳಗೆ ದಪ್ಪಕ್ಷರದಲ್ಲಿ ‘ಡಾ. ರಾಜಶ್ರೀ’. ಓದುವ ಮೇಜಿನ ಮುಂದೆ ಗಣಿತದ ಸೂತ್ರಗಳ ಚಾರ್ಟು, ಬಾಗಿಲ ಹಿಂದೆ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗಿನ ವೇಳಾಪಟ್ಟಿ. ನೋಡಲು ಬಂದ ನೆಂಟರೆಲ್ಲ ಹೊಗಳಿದರು. ನಿನಗೇನು ಬೇಕವ್ವಾ ಎಂದು ಕೋಣೆಯ ಒಡತಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಕಡೆಗೆ ಬಂದದ್ದು ಕ್ಯಾಮೆರಾ. ಅದನ್ನು ಕೂಡಿಸಲು ಏಣಿ ಹತ್ತಿದ ನಾಸೀರ್ ಅರ್ಧಕ್ಕೇ ನಿಂತ.

“ಅಣ್ಣಾರ, ಅಂಗಡಿಗೆ ಹಾಕಸ್ರಿ, ಗೇಟಿಗೆ ಹಾಕಸ್ರಿ. ಕೂಸು ಮಲಗೋ ಕೋಣಿಗೆ ಯಾಕ್ರಿ ಇದು?”

“ನಾ ಸಣ್ಣಾಂವ ಇದ್ದಾಗ ಗೊಬ್ಬರದ ಚೀಲದ ಮ್ಯಾಲೆ ಕುಂತು ಓದೀನಿ ನಾಸೀರ್. ಓದಾಕತ್ತಾನೋ, ನಿದ್ದಿ ಮಾಡಾಕತ್ತಾನೋ ಅಂತ ನೋಡೋರು ಒಬ್ಬರೂ ಇದ್ದಿಲ್ಲ. ಇದ್ದಿದ್ರ ಇವತ್ತು ಔಷಧ ಮಾರತಿದ್ದಿಲ್ಲ, ಡಾಕ್ಟರಾಗಿ ಚೀಟಿ ಬರದು ಕೊಡತಿದ್ದೆ. ಹಾಕು ನೀ.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನಾಸೀರ್ ಮೊಳೆ ಹೊಡೆದ.

ಅಂದಿನಿಂದ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಸಿದ್ದಲಿಂಗೇಶ ಫೋನು ತೆರೆದು ಮಗಳನ್ನು ನೋಡುವನು. ಅವಳು ಕಿಟಕಿಯ ಕಡೆ ತಿರುಗಿದರೆ ಸಾಕು, ಗುಂಡಿ ಒತ್ತಿ ಮಾತಾಡುವನು. ಅವನ ದನಿ ಕೋಣೆಯ ಮೂಲೆಯಿಂದ ಕೇಳಿಸುವುದು. “ಆಕಿ ಬಟ್ಟಿ ಬದಲಾಸಾಕ ಬಚ್ಚಲಕ್ಕ ಹೋಗಾಕತ್ತಾಳ್ರಿ,” ಎಂದು ಶಿವಕುಮಾರಿ ಒಂದು ದಿನ ಅಂದಳು. “ಮತ್ತೇನಾತು? ಬಚ್ಚಲ ಐತಲ್ಲ,” ಎಂದ.

ಒಂದು ಭಾನುವಾರ ಡೀಲರುಗಳ ಸಭೆಗೆಂದು ಅವನು ಲಿಂಗಸುಗೂರಿಗೆ ಹೋಗಿದ್ದ. ಶಿವಕುಮಾರಿ ತುರ್ವಿಹಾಳದಲ್ಲಿ ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ಹೋಗಿದ್ದಳು. ಮನೆಯಲ್ಲಿ ಇದ್ದವರು ರಾಜಶ್ರೀ ಮತ್ತು ಅವನ ತಾಯಿ ಕಸ್ತೂರೆಮ್ಮ, ಇಬ್ಬರೇ. ಸಭೆಯಲ್ಲಿ ಊಟದ ಹೊತ್ತಿಗೆ ಅವನ ಫೋನಿಗೆ ಕೋಚಿಂಗ್‌ನವರು ಕಳಿಸಿದ ಸಂದೇಶ ಬಂತು. ಗಣಿತದಲ್ಲಿ ಐವತ್ತಕ್ಕೆ ಹದಿನೆಂಟು.

ಅವನು ಕ್ಯಾಮೆರಾ ತೆರೆದ. ಮಗಳು ಮೇಜಿನ ಮೇಲೆ ತಲೆಯಿಟ್ಟಿದ್ದಳು.

“ರಾಜಶ್ರೀ!”

ಹುಡುಗಿ ಬೆಚ್ಚಿ ಎದ್ದು ಕೂತಳು.

“ಹದಿನೆಂಟು! ನಾಚಿಕಿ ಬರಂಗಿಲ್ಲೇನು? ಏನು ಕಡಿಮಿ ಮಾಡೀನಿ ನಿನಗ? ಇಂಥಾ ಮಗಳು ಇದ್ದರೆಷ್ಟು, ಬಿಟ್ಟರೆಷ್ಟು!”

ಊಟದ ಸಾಲಿನಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಫೋನಿನಲ್ಲಿ ರಾಜಶ್ರೀ ಮುಖವೆತ್ತಿ ಕ್ಯಾಮೆರಾವನ್ನೇ ಕಣ್ಣು ಮಿಟುಕಿಸದೆ ನೋಡಿದಳು. ಅಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು, ಪುಸ್ತಕ ಮುಚ್ಚಿದಳು, ಕುರ್ಚಿಯನ್ನು ಮೇಜಿನೊಳಗೆ ಸರಿಸಿದಳು. ಆಮೇಲೆ ಫೋನಿನ ಪರದೆಯಿಂದ ಆಚೆ ಸರಿದಳು.

ಹತ್ತು ನಿಮಿಷ ಬಿಟ್ಟು ನೋಡಿದ. ಖಾಲಿ ಕುರ್ಚಿ. ಅರ್ಧ ತಾಸು ಬಿಟ್ಟು ನೋಡಿದ. ಹಾಗೇ ಇತ್ತು. “ರಾಜಶ್ರೀ, ಬಾ ಇಲ್ಲಿ,” ಎಂದು ಕೂಗಿದ. ಗೋಡೆಯ ಮೇಲಿನ ಡಾಕ್ಟರ್ ಹುಡುಗಿ ಮಾತ್ರ ನಗುತ್ತಿದ್ದಳು. ತಾಯಿಗೆ ಫೋನು ಹಚ್ಚಿದ. ಅದು ಪಡಸಾಲೆಯಲ್ಲಿ ಹೊಡೆದುಕೊಳ್ಳುವುದು ಕ್ಯಾಮೆರಾದಿಂದ ಅವನಿಗೇ ಕೇಳಿಸಿತು. ಯಾರೂ ಎತ್ತಲಿಲ್ಲ. ಕಸ್ತೂರೆಮ್ಮನಿಗೆ ಕಿವಿ ಮಂದ. ಪೆನ್ನಿಗೆ ಮುಚ್ಚಳ ಹಾಕಿ ಕುರ್ಚಿ ಸರಿಸಿಟ್ಟ ಮಗಳ ಆ ಶಾಂತ ರೀತಿ ಈಗ ಅವನಿಗೆ ನೆನಪಾಯಿತು. ಸಭೆ ಬಿಟ್ಟು ಕಾರು ಹತ್ತಿದ.

ಮಸ್ಕಿ ದಾಟುವಾಗ ಶಿವಕುಮಾರಿಯ ಫೋನು ಬಂತು. ಅವನು ಎಂಟು ಸಲ ಕರೆ ಮಾಡಿದ್ದನ್ನು ಆಗಷ್ಟೇ ನೋಡಿದ್ದಳು.

“ಏನಾತ್ರಿ?”

“ಕೂಸು ಕಾಣವಲ್ದು.”

“ಏನಂದ್ರಿ ಆಕಿಗೆ?”

ಅವನು ಕಾರಿನ ವೇಗ ತಗ್ಗಿಸಿದ.

“ಏನಂದ್ರಿ, ಹೇಳ್ರಿ!”

ಅಂದದ್ದನ್ನು ಅಂದ ಹಾಗೇ ಹೇಳಿದ. ಮಗಳಿಗೆ ಅನ್ನುವಾಗ ಸರಾಗವಾಗಿ ಹೊರಟಿದ್ದ ಮಾತು ಈಗ ಒಂದೊಂದೇ ಶಬ್ದವಾಗಿ ಬಂತು. ಶಿವಕುಮಾರಿ ಬಯ್ಯಲಿಲ್ಲ. “ಬಸ್ ಹತ್ತತೀನಿ,” ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ನಾಟಿಯ ಕಾಲ. ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು. ಪ್ರತಿವರ್ಷ ಆ ನೀರು ಬಂದ ದಿನ ಕೈಮುಗಿಯುತ್ತಿದ್ದವನಿಗೆ ಇಂದು ಅತ್ತ ನೋಡಲು ಧೈರ್ಯ ಸಾಲಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಒಂದು ಸೇತುವೆಯ ಬಳಿ ಹಳದಿ ಬಣ್ಣದ್ದೇನೋ ತೇಲುವುದು ಕಂಡಿತು. ಬೆಳಿಗ್ಗೆ ರಾಜಶ್ರೀ ತೊಟ್ಟದ್ದು ಹಳದಿ ಅಂಗಿಯೇ? ನೆನಪಾಗಲಿಲ್ಲ. ಇಷ್ಟು ದಿನ ಅವಳನ್ನೇ ನೋಡುತ್ತ ಕೂತಿದ್ದರೂ ಅಂಗಿಯ ಬಣ್ಣ ನೆನಪಾಗಲಿಲ್ಲ. ಕಾರು ನಿಲ್ಲಿಸಿ ದಂಡೆಗೆ ಓಡಿದ. ಅದು ಗೊಬ್ಬರದ ಖಾಲಿ ಚೀಲ. ಮತ್ತೆ ಓಡಿ ಬಂದು ಕಾರು ಹತ್ತಿದ.

ಮನೆಗೆ ಬಂದಾಗ ಕಸ್ತೂರೆಮ್ಮ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು.

“ಯವ್ವಾ, ಕೂಸೆಲ್ಲಿ?” ಎಂದು ಅವಳ ಕಿವಿಯ ಬಳಿ ಬಾಗಿ ಕೂಗಿದ.

“ಕೋಣ್ಯಾಗ ಅದಾಳ.”

“ಇಲ್ಲ ಬೇ! ನಾ ನೋಡೀನಿ, ಇಲ್ಲ!”

“ನಿನ್ನ ಫೋನಿನ್ಯಾಗ ಇಲ್ಲಪ. ಕೋಣ್ಯಾಗ ಅದಾಳ.” ಮುದುಕಿ ಮೊರ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ನಡೆದಳು. ಮಂಚದ ಪಕ್ಕ ನಿಂತು, ನೆಲದವರೆಗೆ ಇಳಿಬಿದ್ದಿದ್ದ ಹೊದಿಕೆಯನ್ನು ತೋರಿಸಿದಳು.

ಸಿದ್ದಲಿಂಗೇಶ ಮಂಡಿಯೂರಿ ಅದನ್ನು ಎತ್ತಿದ.

ಮಂಚದ ಕೆಳಗೆ ಅಜ್ಜಿಯ ಹಳೆಯ ಇಳಕಲ್ ಸೀರೆ ಮಡಚಿ ಹಾಸಿತ್ತು. ಅದರ ಮೇಲೆ ರಾಜಶ್ರೀ ಮೊಣಕಾಲು ಎದೆಗವಚಿ ಮಲಗಿದ್ದಳು. ತೊಟ್ಟದ್ದು ಹಸಿರು ಅಂಗಿ. ತಲೆಯ ಮೇಲಿನ ಹಲಗೆಗೆಲ್ಲ ಮದುವೆ ಕಾಗದಗಳ ಹೊಳೆಯುವ ಹಾಳೆ ಕತ್ತರಿಸಿ ಅಂಟಿಸಿದ್ದಳು. ನಡುನಡುವೆ ಒಡೆದ ಬಳೆ ಚೂರುಗಳ ಹೂವು. ಸ್ಕೆಚ್ ಪೆನ್ನಿನಲ್ಲಿ ಬರೆದ ಚಿತ್ರಗಳು: ರೊಟ್ಟಿ ಬಡಿಯುವ ಅಜ್ಜಿ, ತಲೆ ಬಾಚಿಕೊಳ್ಳುವ ಅವ್ವ, ಗೆಳತಿ ಗಾಯತ್ರಿ, ಪಕ್ಕದ ಮನೆಯ ಮೇಕೆ ಕೂಡ. ಅವನು ಒಂದೊಂದನ್ನೇ ನೋಡುತ್ತ ಹೋದ, ಆ ತುದಿಯವರೆಗೂ. ತಾನು ಎಲ್ಲಿಯೂ ಇರಲಿಲ್ಲ.

ರಾಜಶ್ರೀ ಗೋಡೆಗೆ ಸರಿದು, ಪಿಸುದನಿಯಲ್ಲಿ ಕೇಳಿದಳು: “ಅಪ್ಪಾ, ಇಲ್ಲಿಗೂ ಕಾಣತೈತೇನು?”

ಸಿದ್ದಲಿಂಗೇಶ ಎದ್ದು ಕುರ್ಚಿ ಎಳೆದು ಹತ್ತಿ, ಕ್ಯಾಮೆರಾವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ. ಅದು ಮೊಳೆ, ಗೋಡೆಯ ಗಾರೆಯ ಸಮೇತ ಕಿತ್ತುಬಂತು. ಗುಲಾಬಿ ಬಣ್ಣದ ಚಕ್ಕೆಗಳು ಮೇಜಿನ ಮೇಲೆ ಉದುರಿದವು. ತಂದು ಮಗಳ ಮುಂದೆ ನೆಲದ ಮೇಲಿಟ್ಟ.

“ಇನ್ನ ಎಲ್ಲಿಗೂ ಕಾಣಂಗಿಲ್ಲವ್ವಾ.”

ಅವಳು ನಂಬಲಿಲ್ಲ. ಕೈ ಚಾಚಿ, ಅದರ ಗಾಜು ನೆಲ ನೋಡುವ ಹಾಗೆ ಮಗುಚಿ ಹಾಕಿದಳು.

“ನಾ ಹಂಗ ಅನಬಾರದಿತ್ತು,” ಎಂದ ಸಿದ್ದಲಿಂಗೇಶ. “ತಪ್ಪಾತು.” ನೆಲಕ್ಕೆ ಕೆನ್ನೆ ತಾಗುವಷ್ಟು ಬಾಗಿ ಕೇಳಿದ: “ನಾ ಒಳಗ ಬರಲೇನವ್ವಾ?”

ರಾಜಶ್ರೀ ಅಪ್ಪನ ಮುಖ ನೋಡಿದಳು, ಕಾಲುವೆ ದಂಡೆಯ ಕೆಸರು ಮೆತ್ತಿದ ಅವನ ಕಾಲು ನೋಡಿದಳು. ಆಮೇಲೆ ಸೀರೆಯ ಒಂದು ಮಗ್ಗುಲಿಗೆ ಸರಿದು ಜಾಗ ಮಾಡಿದಳು.

“ಚಪ್ಪಲ್ ಬಿಟ್ಟು ಬಾ.”