ಚಿಂದಿ ಫಿಟ್ಟರನ ಸೂಪರ್‌ಚಾರ್ಜರ್

ಅವನನ್ನು ಜನ ಚಿಂದಿ ಎಂದು ಕರೆಯುತ್ತಿದ್ದರು. ಜನರ ಬಾಯಿಗೆ ಬೀಗ ಹಾಕುವುದು ನಮ್ಮ ಕೈಲಾಗದ ಕೆಲಸ. ಆದರೆ ಈ ಕತೆಯಲ್ಲಿ ಅವನನ್ನು ಫಿಟ್ಟರ್ ಎಂದೇ ಕರೆಯೋಣ. ಕೈಯಲ್ಲಿ ಕಸುಬು ಇರುವವನಿಗೆ ಅಷ್ಟಾದರೂ ಮರ್ಯಾದೆ ಕೊಡಬೇಕು.

ಆ ಹಾಳು ಹೆಸರು ಅಂಟಿಕೊಂಡದ್ದು ಹೆಂಡತಿಯ ಅಣ್ಣನ ಗ್ಯಾರೇಜಿನಲ್ಲಿ. ಈ ಭಾವ ಸಾಮಾನ್ಯದವನಲ್ಲ. ದುಡ್ಡಿದ್ದವರ ಸ್ಪೋರ್ಟ್ಸ್ ಕಾರುಗಳೆಲ್ಲ ಅವನ ಬಾಗಿಲಿಗೇ ಬರಬೇಕು. ಕಾರಿಗಿಂತ ಮಾತು ಹೆಚ್ಚು ಹೊಳೆಯುತ್ತಿದ್ದದ್ದರಿಂದ ಕೆಲಸಗಾರರು ಅವನಿಗೆ ಹಿಂದಿನಿಂದ ಪಾಲಿಶ್ ಎನ್ನುತ್ತಿದ್ದರು. ಫಿಟ್ಟರ್ ಅಲ್ಲಿ ಎಂಜಿನ್ ಕೆಲಸ ನೋಡಿಕೊಳ್ಳುತ್ತಿದ್ದ, ಅವನ ಹೆಂಡತಿ ಮುಂದಿನ ಗಾಜಿನ ಕೋಣೆಯಲ್ಲಿ ಕೂತು ಫೋನು ತೆಗೆಯುತ್ತಿದ್ದಳು.

ಎಂಜಿನ್ನಿಗೆ ಗಾಳಿ ಹೋಗುವ ಪೈಪು ಬಿಚ್ಚಿದರೆ ಅದರ ಬಾಯಿಗೆ ಬಟ್ಟೆ ತುರುಕಬೇಕು, ಇದು ಆ ಕಸುಬಿನ ಮೊದಲ ಪಾಠ. ಇಲ್ಲದಿದ್ದರೆ ಕಡಲೆಕಾಳಿನಷ್ಟು ನಟ್ಟು ಒಳಗೆ ಬಿದ್ದರೂ ಎಂಜಿನ್ನಿನ ಕತೆ ಮುಗಿದಂತೆ. ಪೈಪು ತಿರುಗಿ ಹಾಕುವಾಗ ಆ ಬಟ್ಟೆ ತೆಗೆಯಬೇಕು, ಇದು ಎರಡನೆಯ ಪಾಠ. ಒಬ್ಬ ಕಣ್ಣಿನ ಡಾಕ್ಟರ ಕಾರಿಗೆ ಸೂಪರ್‌ಚಾರ್ಜರ್ ಕೂರಿಸಿದಾಗ ಈ ಎರಡನೆಯ ಪಾಠವನ್ನು ಯಾರೋ ಮರೆತರು. ಡಾಕ್ಟರು ಮನೆ ಮುಟ್ಟುವ ಮೊದಲೇ ಆ ಯಂತ್ರ ಬಟ್ಟೆಯನ್ನು ಎಳೆದುಕೊಂಡು, ಹರಿದು ಚಿಂದಿ ಮಾಡಿ, ಎಂಜಿನ್ನಿಗೆ ಉಣಿಸಿಬಿಟ್ಟಿತ್ತು.

"ಪೈಪು ಕೂರಿಸಿದ್ದು ನಾನಲ್ಲ ಭಾವ," ಎಂದ ಫಿಟ್ಟರ್. "ನಾನು ಊಟಕ್ಕೆ ಹೋಗಿ ಬರೋಷ್ಟರಲ್ಲಿ ಕೂರಿಸಿ ಆಗಿತ್ತು."

"ಹಾಗಾದ್ರೆ ದೆವ್ವ ಬಂದು ಕೂರಿಸ್ತೇನಪ್ಪಾ?" ಎಂದ ಭಾವ, ಡಾಕ್ಟರ ಎದುರಿಗೆ, ಕೆಲಸಗಾರರೆಲ್ಲರ ಎದುರಿಗೆ. ಎಲ್ಲರೂ ಗೊಳ್ಳೆಂದರು. ಸಂಜೆಯೊಳಗೆ ಫಿಟ್ಟರನ ಸ್ಪ್ಯಾನರ್ ಪೆಟ್ಟಿಗೆ ಫುಟ್‌ಪಾತಿನ ಮೇಲಿತ್ತು. ಹೆಂಡತಿ ಅಳುತ್ತಾ ಅವನ ಹಿಂದೆ ಬಂದಳು, ಮತ್ತೆ ಆ ಗಾಜಿನ ಕೋಣೆಗೆ ಕಾಲಿಡಲಿಲ್ಲ. ತನಗಾಗಿ ಅಳುತ್ತಿದ್ದಾಳೆ ಎಂದು ಅವನಿಗೆ ಆ ಸಂಕಟದಲ್ಲೂ ಹೆಮ್ಮೆಯಾಯಿತು.

ಆಮೇಲೆ ಯಾವ ಗ್ಯಾರೇಜಿನ ಬಾಗಿಲು ತಟ್ಟಿದರೂ ಮೊದಲು ಒಂದು ಹುಳ್ಳಗಿನ ನಗು, ಆಮೇಲೆ "ಕೆಲಸ ಇಲ್ಲ". ಕೊನೆಗೆ ಮನೆ ಮನೆಗೆ ಹೋಗಿ ಬಟ್ಟೆ ಒಗೆಯುವ ಮೆಷಿನ್ ರಿಪೇರಿ ಮಾಡಿ ಹೊಟ್ಟೆ ಹೊರೆದುಕೊಂಡ. ಚಿಂದಿಗೆ ತಕ್ಕ ಕೆಲಸವೇ ಸಿಕ್ಕಿತು ಎಂದು ಭಾವ ಯಾರ ಹತ್ತಿರವೋ ಹೇಳಿದನಂತೆ. ಆ ಮಾತು ಕಿವಿಗೆ ಬಿದ್ದ ದಿನ ಫಿಟ್ಟರ್ ಅನ್ನ ಮುಟ್ಟಲಿಲ್ಲ. ಒಂದೇ ಸಮನೆ ಹಲ್ಲು ಕಡಿಯುತ್ತಾ ಕೂತಿದ್ದವನು, "ಅವನ ಗಿರಾಕಿಗಳ ಎದುರಿಗೇ ಅವನ ಮೂಗು ಕತ್ತರಿಸ್ತೀನಿ ನೋಡ್ತಿರು," ಎಂದ. ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ, "ಹೇಗೆ?" ಎಂದಳು.

ಹೇಗೆ ಎಂಬುದು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ ಧೂಳು ತಿನ್ನುತ್ತಿತ್ತು. ಒಂದು ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೋಟು ಬಾಲ, ಬಣ್ಣ ಮಾಸಿದ ಮೈ. ಫಿಟ್ಟರ್ ಒಳ್ಳೆಯ ದಿನಗಳಲ್ಲಿ ಗುಜರಿಯಿಂದ ತಂದು ಪ್ರಾಣ ಬರಿಸಿದ್ದು. ಪಾಳು ಬಿದ್ದ ವಿಮಾನ ನಿಲ್ದಾಣದ ರನ್‌ವೇ ಮೇಲೆ ವರ್ಷಕ್ಕೊಮ್ಮೆ ಕಾರು ಹುಚ್ಚಿನವರೆಲ್ಲ ಸೇರಿ ಇಬ್ಬಿಬ್ಬರಾಗಿ ಓಡಿಸುತ್ತಿದ್ದರು. ಭಾವನ ಕಪ್ಪು ಕಾರು ಅಲ್ಲಿ ಸೋತದ್ದೇ ಇಲ್ಲ. ಆ ಗೆಲುವೇ ಅವನ ಅಂಗಡಿಯ ಬೋರ್ಡು.

ಒಡೆದ ಕಾರೊಂದರಿಂದ ಬಿಚ್ಚಿದ ಸೂಪರ್‌ಚಾರ್ಜರ್ ಸಿಕ್ಕಿತು. ಅದೇನು ಮಂತ್ರದ ವಸ್ತುವಲ್ಲ. ಎಂಜಿನ್ನೇ ಬೆಲ್ಟಿನಿಂದ ತಿರುಗಿಸುವ ಒಂದು ದಪ್ಪ ತಿದಿ, ಎಂಜಿನ್ನಿನ ಗಂಟಲಿಗೆ ಗಾಳಿ ಒತ್ತಿ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಹೇಳುವುದು ಸುಲಭ. ಈ ಕಾರಿಗೆಂದು ಹುಟ್ಟದ ಯಂತ್ರವನ್ನು ಈ ಕಾರಿನ ಎದೆಗೂಡಿನಲ್ಲಿ ಕೂರಿಸುವಾಗ ಫಿಟ್ಟರನ ಬೆರಳ ಗೆಣ್ಣುಗಳೆಲ್ಲ ಕಿತ್ತುಬಂದವು. ಹಿಡಿದು ನಿಲ್ಲಿಸುವ ಬ್ರಾಕೆಟ್ಟನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ, ಇಟ್ಟು ನೋಡಿ, ಮತ್ತೆ ಕತ್ತರಿಸಿ, ಲೇತ್ ಕೆಲಸದವನ ತಲೆ ತಿಂದು ಕಬ್ಬಿಣದಲ್ಲಿ ಮಾಡಿಸಿದ. ಎರಡು ಪುಲ್ಲಿಗಳು ಒಂದೇ ನೇರಕ್ಕೆ ಬರಬೇಕು, ಕೂದಲೆಳೆ ಆಚೀಚೆಯಾದರೂ ಬೆಲ್ಟು ನಾರು ನಾರಾಗುತ್ತದೆ. ಮೊದಲ ಬೆಲ್ಟು ಹಾಗೆಯೇ ಹೋಯಿತು. ಫಿಟ್ಟರ್ ಅದನ್ನು ಕೈಯಲ್ಲಿ ಹಿಡಿದು, "ನಿನ್ನ ಕುತ್ತಿಗೆ ಹೀಗೇ ಹಿಚುಕಬೇಕು ಕಣೋ," ಎಂದು ಭಾವನಿಗೆ ಹೇಳಿ, ಮತ್ತೆ ಮೊದಲಿನಿಂದ ಬಿಚ್ಚಿದ. ನಟ್ಟು ಬಿಗಿಯುವಾಗಲೆಲ್ಲ ಭಾವನಿಗೆ ಏನಾದರೊಂದು ಹೇಳದೆ ಬಿಗಿಯುತ್ತಿರಲಿಲ್ಲ. ಕೊನೆಗೆ ಸೂಪರ್‌ಚಾರ್ಜರ್ ಬಲವಾಗಿ ಕೂತಿತು.

ಹೆಂಡತಿ ಪ್ರತಿ ಭಾನುವಾರ ಪಕ್ಕದಲ್ಲಿರುತ್ತಿದ್ದಳು. ಪೈಪಿನ ಬಾಯಿಗೆ ತುರುಕುವ ಬಟ್ಟೆಗಳು ಅವಳ ಉಸ್ತುವಾರಿ. ಹಳೆಯ ಸೀರೆಯ ಸೆರಗನ್ನು ಸಮನಾಗಿ ಹರಿದು, ಕೊಟ್ಟದ್ದೆಷ್ಟು ಬಂದದ್ದೆಷ್ಟು ಎಂದು ನೋಡಿ, ಕಾರಿನ ಮೂತಿಯ ಮೇಲೆ ಸಾಲಾಗಿ ಹರವುತ್ತಿದ್ದಳು. ಎಲ್ಲ ಬರುವ ತನಕ ಅವನ ಕೈಗೆ ಸ್ಪ್ಯಾನರ್ ಕೊಡುತ್ತಿರಲಿಲ್ಲ.

"ಸಾಕು ಕೊಡೇ, ಎಷ್ಟು ಸಲ ನೋಡ್ತೀಯ?"

"ಇನ್ನೊಂದು ಸಲ ನೋಡಿದ್ರೆ ಗಂಟೇನು ಹೋಗಲ್ಲ ರೀ."

ಕಾರು ಬಾಯಿ ತೆರೆದ ದಿನ ಶೆಡ್ಡಿನ ತಗಡು ನಡುಗಿತು. ಎಂಜಿನ್ನಿನ ಗುಡುಗಿನ ಮೇಲೆ ಸೂಪರ್‌ಚಾರ್ಜರಿನ ಸಣ್ಣ ಕೀರಲು ದನಿ. ಫಿಟ್ಟರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಪೆಟ್ರೋಲಿನ ಹದ ಸಿಗಬೇಕಿತ್ತು. ಊರ ಹೊರಗಿನ ಖಾಲಿ ರಸ್ತೆಯಲ್ಲಿ ಅವನು ಓಡಿಸಿದರೆ, ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಆ ಹದದ ನಂಬರನ್ನು ಓದಿ ಹೇಳುತ್ತಿದ್ದಳು. ನಂಬರು ಏರಿದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಿಗುತ್ತಿಲ್ಲ ಎಂದರ್ಥ, ಹಾಗೇ ಬಿಟ್ಟರೆ ಪಿಸ್ಟನ್ ಕರಗುತ್ತದೆ.

"ಹನ್ನೆರಡು... ಹನ್ನೆರಡೂವರೆ... ಹದಿಮೂರು. ಕಾಲೆತ್ತಿ, ಕಾಲೆತ್ತಿ!"

ಎಷ್ಟೇ ಆವೇಶದಲ್ಲಿದ್ದರೂ ಅವಳು ಕಾಲೆತ್ತಿ ಎಂದರೆ ಅವನು ಎತ್ತುತ್ತಿದ್ದ. ಅವಳ ಬಾಯಿಂದ ಬಂದ ನಂಬರಿಗೆ ಎದುರು ಮಾತೇ ಇರಲಿಲ್ಲ. ಪೆಟ್ರೋಲು ಚಿಮ್ಮಿಸುವ ಹೊಸ ಇಂಜೆಕ್ಟರ್ ಹಾಕಿ, ಮತ್ತೆ ಓಡಿಸಿ, ಮತ್ತೆ ತಿದ್ದಿ, ಕೊನೆಗೊಂದು ಬೆಳಗ್ಗೆ ನಂಬರು ಹನ್ನೆರಡರ ಹತ್ತಿರವೇ ಗಟ್ಟಿಯಾಗಿ ನಿಂತಿತು. "ಮುಗೀತು ಕಣೇ ನಿಮ್ಮಣ್ಣನ ಕತೆ," ಎಂದ. ಅವಳು ಲ್ಯಾಪ್‌ಟಾಪ್ ಮುಚ್ಚಿ ಕಿಟಕಿಯಿಂದಾಚೆ ನೋಡಿದಳು.

ರನ್‌ವೇ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಭಾವನ ಗಿರಾಕಿಗಳೆಲ್ಲ ಕೊಡೆ ಹಿಡಿದು ನಿಂತಿದ್ದರು, ಕಣ್ಣಿನ ಡಾಕ್ಟರೂ ಇದ್ದರು. ಮಾಸಿದ ಕಾರು ಕಪ್ಪು ಕಾರಿನ ಪಕ್ಕ ಬಂದು ನಿಂತಾಗ ಯಾರೋ "ಚಿಂದಿ ಬಂದ!" ಎಂದರು. ನಗು ಎದ್ದಿತು. ಫಿಟ್ಟರ್ ಕನ್ನಡಿಯಲ್ಲಿ ಆ ಹಲ್ಲುಗಳನ್ನು ನೋಡಿಕೊಂಡ. ನಗಿ, ಚೆನ್ನಾಗಿ ನಗಿ ಎಂದುಕೊಂಡ.

ಬಾವುಟ ಬಿತ್ತು. ಮೊದಲ ಗೇರಿನಲ್ಲಿ ಕಪ್ಪು ಕಾರು ಮುಂದೆ. ಎರಡನೆಯದರಲ್ಲಿ ಸರಿಸಮ. ಮೂರನೆಯದಕ್ಕೆ ಹಾಕಿದಾಗ ಸೂಪರ್‌ಚಾರ್ಜರ್ ಕಿರುಚಿತು, ಸೀಟು ಬೆನ್ನಿಗೆ ಗುದ್ದಿತು, ಕನ್ನಡಿಯಲ್ಲಿ ಭಾವನ ಕಾರು ಚಿಕ್ಕದಾಗುತ್ತಾ ಹೋಯಿತು. ಇಂಥ ಖುಷಿಯನ್ನು ಬಚ್ಚಿಡಬೇಕೆಂದು ಯಾರು ಹೇಳಿದರು? ಫಿಟ್ಟರ್ ಒಬ್ಬನೇ ಕಾರಿನೊಳಗೆ ಕೇಕೆ ಹಾಕಿ ನಕ್ಕ.

ಆದರೆ ಪಾಲಿಶ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಫಿಟ್ಟರ್ ತಿರುಗಿ ಬಂದು ಇಳಿಯುವಷ್ಟರಲ್ಲಿ ಭಾವ ಎರಡೂ ಕೈ ಚಾಚಿ ಬಂದು ತಬ್ಬಿಕೊಂಡ. ಬೆನ್ನು ತಟ್ಟಿದ. ಬಾನೆಟ್ ಎತ್ತಿ ಹಿಡಿದು ಎಲ್ಲರನ್ನೂ ಕರೆದ.

"ನೋಡಿ ಸಾರ್, ನಮ್ಮ ತಂಗಿ ಗಂಡ! ನಾನು ತಿದ್ದಿದ ಕೈ ಇದು. ಈ ಅಚ್ಚುಕಟ್ಟು ನೋಡಿ. ಇದು ನಮ್ಮ ಶಾಪಿನ ವಿದ್ಯೆ. ಇವತ್ತಿಗೂ ಅಷ್ಟೇ, ಯಾವ ಗಾಡಿಯಾಗಲಿ, ಕೊನೇ ಕ್ಲಿಪ್ಪು ನಾನೇ ಕೈಯಾರ ಬಿಗಿದು ಆಚೆ ಕಳಿಸೋದು."

ಗಿರಾಕಿಗಳು ತಲೆದೂಗಿದರು. ಒಬ್ಬ ಆಗಲೇ ತನ್ನ ಕಾರಿಗೂ ಇಂಥದ್ದೇ ಬೇಕು ಎಂದು ಭಾವನನ್ನು ಕೇಳುತ್ತಿದ್ದ. ಫಿಟ್ಟರ್ ಅಷ್ಟು ವರ್ಷ ಸಾಕಿದ ಸೇಡನ್ನು ಈ ಮನುಷ್ಯ ಒಂದೇ ಅಪ್ಪುಗೆಯಲ್ಲಿ ನುಂಗಿ ನೀರು ಕುಡಿದಿದ್ದ.

"ಡಾಕ್ಟರ ಗಾಡಿಗೂ ನೀನೇ ಬಿಗಿದೆ, ಅಣ್ಣಾ."

ಕೊಡೆಗಳ ಹಿಂದೆ ನಿಂತಿದ್ದ ಫಿಟ್ಟರನ ಹೆಂಡತಿ ಜೋರಾಗಿ ಹೇಳಲಿಲ್ಲ. ಆದರೂ ಎಲ್ಲರೂ ತಿರುಗಿದರು.

"ನಾನು ಫೋನಿನ ಹತ್ರ ಕೂತಿದ್ದೆ. ಇವರು ಊಟಕ್ಕೆ ಹೋಗಿದ್ರು. ಡಾಕ್ಟರು ಬಂದೇಬಿಟ್ರು ಅಂತ ನೀನೇ ಅವಸರದಲ್ಲಿ ಪೈಪು ಕೂರಿಸಿದೆ, ನೀನೇ ಬಿಗಿದೆ. ಒಳಗೆ ಬಟ್ಟೆ ಇದ್ಯಾ ಅಂತ ಬಗ್ಗಿ ನೋಡಲಿಲ್ಲ. ಗಾಜಿನ ಆಚೆ ನಾನಿದ್ದೆ ಅನ್ನೋದನ್ನೂ ನೋಡಲಿಲ್ಲ."

ಭಾವ ನಗಲು ನೋಡಿದ, ನಗು ಬರಲಿಲ್ಲ. ಡಾಕ್ಟರು ಹತ್ತಿರ ಬಂದು, "ಹೌದೇನ್ರೀ?" ಎಂದು ಕೇಳಿದರು. ಭಾವ, "ಅದು... ಆವತ್ತು ಗಡಿಬಿಡಿ ಸಾರ್," ಎಂದ. ಸಾಕಾಯಿತು. ಕೊಡೆಗಳು ಒಂದೊಂದಾಗಿ ಅವನಿಂದ ದೂರ ಸರಿದವು. ಡಾಕ್ಟರು ಫಿಟ್ಟರನ ಕೈ ಹಿಡಿದು, "ನಾನೂ ನಿಮ್ಮನ್ನ ನೋಡಿ ನಕ್ಕಿದ್ದೆ, ತಪ್ಪಾಯ್ತು," ಎಂದರು. ಭಾವ ತಲೆ ತಗ್ಗಿಸಿ ತನ್ನ ಕಾರಿನ ಕಡೆ ನಡೆದುಹೋದ. ಫಿಟ್ಟರನ ಹೊಟ್ಟೆ ತಣ್ಣಗಾಯಿತು. ಇಷ್ಟೇ ಬೇಕಿತ್ತು ಅವನಿಗೆ, ಇದಕ್ಕಿಂತ ಒಂದು ಕೂದಲೂ ಹೆಚ್ಚು ಬೇಕಿರಲಿಲ್ಲ.

ಆ ತಂಪು ಗೇಟು ದಾಟುವ ತನಕ ಇತ್ತು. ಗೇಟಿನಾಚೆ ಅವನು ಕಾರು ನಿಲ್ಲಿಸಿ ಪಕ್ಕದ ಸೀಟಿನಲ್ಲಿದ್ದ ಹೆಂಡತಿಯ ಕಡೆ ತಿರುಗಿದ.

"ನೀನು ನೋಡಿದ್ದೆ."

"ನೋಡಿದ್ದೆ."

"ಮೂರು ವರ್ಷ ಗೊತ್ತಿತ್ತು. ನಾನು ಕಂಡವರ ಮನೆ ಮೆಷಿನ್ ಕೆಳಗೆ ಮಲಗಿ ಸೋಪಿನ ನೀರು ಕುಡೀತಿದ್ರೆ ಸುಮ್ಮನೆ ನೋಡ್ತಿದ್ದೆ ಅಲ್ವಾ?" ಅವನ ದನಿ ಏರಿತು. ಇನ್ನೂ ಬಿಸಿಯಾಗಿಯೇ ಇದ್ದ ಸಿಟ್ಟಿಗೆ ಕೂರಲು ಜಾಗ ಸಿಕ್ಕಿತ್ತು. "ಅಣ್ಣನೇ ಹೆಚ್ಚಾದ ನಿಂಗೆ. ಇದನ್ನ ನಾನು ಮರೀತೀನಿ ಅಂದ್ಕೋಬೇಡ. ಸಾಯೋ ತನಕ ಮರೆಯಲ್ಲ."

ಅವಳು ಬೆಲ್ಟು ಬಿಚ್ಚಿ, ಬಾಗಿಲು ತೆರೆದು ಇಳಿದಳು. ರಸ್ತೆಯ ಅಂಚು ಹಿಡಿದು ನಡೆಯತೊಡಗಿದಳು.

ಅವನು ಮೊದಲ ಗೇರಿಗೆ ಹಾಕಿ ಅವಳ ಪಕ್ಕಕ್ಕೆ ಬಂದ. ರನ್‌ವೇಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದ ಕಾರು ಈಗ ನಡೆಯುವ ಹೆಂಗಸಿನ ಪಕ್ಕ ಎಗರೆಗರಿ ತೆವಳುತ್ತಿತ್ತು. ಹಿಂದಿನಿಂದ ಬಂದವರು ಹಾರ್ನ್ ಹೊಡೆದು, ಬಗ್ಗಿ ನೋಡಿ, ಮುಂದೆ ಹೋದರು.

"ಗಾಡಿ ಹತ್ತು."

ಅವಳು ತಿರುಗಲಿಲ್ಲ. "ಅಣ್ಣನ್ನ ನಾನಾಗಿ ಹಿಡಿದುಕೊಡೋಕೆ ನಂಗೆ ಬಾಯಿ ಬರಲಿಲ್ಲ ರೀ, ಅದು ನನ್ನ ತಪ್ಪು. ಆದ್ರೆ ನೀವು ಕೇಳಿದ್ದಿದ್ರೆ ಸುಳ್ಳು ಹೇಳೋಕೂ ಬರ್ತಿರಲಿಲ್ಲ. ಆವತ್ತು ನಾನು ಅಲ್ಲೇ ಕೂತಿದ್ದೆ. ಗಾಡಿ ಓಡಿಸುವಾಗ ನಂಬರು ಎಷ್ಟು, ನಂಬರು ಎಷ್ಟು ಅಂತ ನೂರು ಸಲ ಕೇಳಿದ್ರಿ. ನೀನೇನು ನೋಡಿದೆ ಅಂತ ಒಂದೇ ಒಂದು ದಿನ ಕೇಳಿದ್ರಾ?"

ಅವನು ಯೋಚಿಸಿದ. ಕೇಳಿರಲಿಲ್ಲ. ಭಾವನ ಜೊತೆ ದಿನಾ ಮಾತಾಡಿದ್ದ, ನಟ್ಟು ನಟ್ಟಿಗೂ ಮಾತಾಡಿದ್ದ.

"ಹತ್ತು ಕಣೇ," ಎಂದ, ಈ ಸಲ ಮೆತ್ತಗೆ. "ಈಗ ಕೇಳ್ತಿದ್ದೀನಿ."

"ಈಗ ಎಲ್ಲರಿಗೂ ಗೊತ್ತು," ಎಂದಳು ಅವಳು, ನಡೆಯುತ್ತಲೇ ಹೋದಳು.