ಕೈ ಎತ್ತಿದ ಕಡೆ ಕೆಂಪು ಚುಕ್ಕೆ

ಅತ್ತೆ ಮೌಸಿನಿಂದ ಕೈ ಎತ್ತಿದರೆ ನಾನು ನೋಟುಬುಕ್ಕಿನಲ್ಲಿ ಒಂದು ಕೆಂಪು ಚುಕ್ಕೆ ಇಡುತ್ತಿದ್ದೆ. ಕಂಪ್ಯೂಟರ್ ಕಲಿಸುವ ನಮ್ಮ ವಿಡಿಯೊ ಚಾನೆಲ್ಲಿನ ಗುಟ್ಟು ಇಷ್ಟೇ. ನನ್ನ ಮುಖವನ್ನು ಒಂದು ಲಕ್ಷದ ಇಪ್ಪತ್ತು ಸಾವಿರ ಜನರಲ್ಲಿ ಒಬ್ಬರೂ ನೋಡಿಲ್ಲ. ಅವರಿಗೆ ಕಾಣುವುದು ಖಾಲಿ ಚೌಕಗಳು, ಒಂದು ಬಾಣ. ಕೇಳಿಸುವುದು ಸದಾ ನೆಗಡಿ ಹಿಡಿದಂತಿರುವ ನನ್ನ ದನಿ.

ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಒಂಬತ್ತು ವರ್ಷ ಗುಮಾಸ್ತೆಯಾಗಿದ್ದೆ. ಹೊಸದಾಗಿ ಸೇರಿದವರಿಗೆ ಸ್ಪ್ರೆಡ್‌ಶೀಟ್ ಕಲಿಸುವ ಕೆಲಸ ಯಾರಿಗೂ ಬೇಡವಾಗಿದ್ದರಿಂದ ನನ್ನ ತಲೆಗೆ ಬಂತು. ಆಗ ಕಂಡುಕೊಂಡ ಸಂಗತಿ ಇದು: ಅರ್ಥ ಆಯ್ತಾ ಎಂದು ಕೇಳಿದರೆ ಎಲ್ಲರೂ ಆಯ್ತು ಅನ್ನುತ್ತಾರೆ. ಆದರೆ ಅರ್ಥವಾಗದ ಕ್ಷಣದಲ್ಲಿ ಅವರ ಕೈ, ಬಿಸಿ ಪಾತ್ರೆ ಮುಟ್ಟಿದ ಹಾಗೆ, ಮೌಸನ್ನು ಬಿಟ್ಟು ಎರಡು ಬೆರಳಷ್ಟು ಮೇಲೆ ನಿಲ್ಲುತ್ತದೆ. ಬಾಯಿ ಸುಳ್ಳಾಡಬಹುದು, ಕೈ ಆಡುವುದಿಲ್ಲ ಎಂದು ನಂಬಿಕೊಂಡೆ. ಆ ನಂಬಿಕೆಯ ಮೇಲೆ ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ ಮನೆಗೆ ಬಂದೆ.

ಮನೆಯಲ್ಲಿ ಕಂಪ್ಯೂಟರ್ ಮುಟ್ಟದವರು ಇಬ್ಬರಿದ್ದರು. ಮಾವ ನಿವೃತ್ತ ಬಸ್ ಡ್ರೈವರ್. "ಸ್ಟೀರಿಂಗ್ ಇಲ್ಲದ್ದನ್ನ ನಾನು ಮುಟ್ಟಲ್ಲ" ಎಂದು ಮೊದಲ ದಿನವೇ ಕೈ ತೊಳೆದುಕೊಂಡರು. ಅತ್ತೆ ಮೂವತ್ತು ವರ್ಷ ಹೊಲಿಗೆ ಅಂಗಡಿಯೊಂದಕ್ಕೆ ಅಂಗಿಯ ಗುಂಡಿಗಳಿಗೆ ಕಾಜಾ ಹಾಕಿಕೊಟ್ಟವರು. ಕಣ್ಣು ಮಂದವಾದ ಮೇಲೆ ಬಿಟ್ಟಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೂತ್ಕೊಂಡು ಮಾಡೋದಾ, ನಿಂತ್ಕೊಂಡಾ?"

ಅಡುಗೆಮನೆಗೆ ಅಂಟಿಕೊಂಡಿದ್ದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿದೆವು. ಲಿಫ್ಟ್ ರಿಪೇರಿ ಮಾಡುವ ನನ್ನ ಗಂಡ ಬಾಗಿಲಿಗೆ ಹಳೇ ಹಾಸಿಗೆಯೊಂದನ್ನು ನೇತುಹಾಕಿ, "ಈಗ ಒಳಗೆ ಯಾರನ್ನಾದ್ರೂ ಕೊಂದ್ರೂ ಹೊರಗೆ ಕೇಳ್ಸಲ್ಲ" ಎಂದು ಹೇಳಿ ಕೆಲಸಕ್ಕೆ ಹೋದ. ಬೆಳಿಗ್ಗೆ ಹತ್ತರಿಂದ ಹನ್ನೆರಡು ನಮ್ಮ ಹೊತ್ತು. ನಾನು ಪಾಠ ಹೇಳುತ್ತೇನೆ, ಅತ್ತೆ ಮಾಡುತ್ತಾರೆ. ಅವರು ಕೇಳುವಂತಿಲ್ಲ, ನಾನು ಸಹಾಯ ಮಾಡುವಂತಿಲ್ಲ. ಚುಕ್ಕೆ ಬಿದ್ದ ಕಡೆಯೆಲ್ಲ ಪಾಠವನ್ನು ಬಿಚ್ಚಿ ಮತ್ತೆ ಬರೆಯುತ್ತೇನೆ. ಎರಡಕ್ಕಿಂತ ಕಡಿಮೆ ಚುಕ್ಕೆ ಬರುವವರೆಗೆ ಪಾಠ ಮನೆಯಿಂದಾಚೆ ಹೋಗುವುದಿಲ್ಲ. ಮೊದಲ ಪಾಠಕ್ಕೆ ನಲವತ್ತೊಂದು ಚುಕ್ಕೆ ಬಿತ್ತು, ಹನ್ನೊಂದು ದಿನ ಹಿಡಿಯಿತು. ಅದನ್ನು ಜನ ನೋಡಿದ್ದು ಹದಿನಾಲ್ಕು ಸಲ. ಅದರಲ್ಲಿ ನನ್ನ ಗಂಡ ಆರು ಸಲ.

ಅತ್ತೆಯ ಮಾತುಗಳು ಮೆಲ್ಲಗೆ ಪಾಠದೊಳಗೆ ನುಗ್ಗಿದವು. ಸೆಲ್ ಎನ್ನುವುದನ್ನು ಅವರು ಮನೆ ಎಂದರು. ಚಾನೆಲ್ಲಿಗೆ 'ಮೊದಲ ಮನೆ' ಎಂದೇ ಹೆಸರಾಯಿತು. ಸೂತ್ರದಲ್ಲಿ ಒಂದು ಮನೆಯನ್ನು ಅಲುಗದಂತೆ ನಿಲ್ಲಿಸುವ ಡಾಲರ್ ಗುರುತು ಅವರ ಬಾಯಲ್ಲಿ ಗುಂಡುಸೂಜಿ. "ಚುಚ್ಚಿಟ್ರೆ ಎಲ್ಲಿಗೆ ಹೋಗುತ್ತೆ ಅದು?" ಒಂಬತ್ತನೇ ಪಾಠವನ್ನು ಯಾವುದೋ ಶಾಲೆಯ ಗುಮಾಸ್ತೆಯೊಬ್ಬಳು ತನ್ನವರಿಗೆಲ್ಲ ಹಂಚಿದಳು. ಅಲ್ಲಿಂದ ಚಾನೆಲ್ ನಮ್ಮ ಹೆಗಲಿಂದ ಇಳಿದು ತಾನೇ ನಡೆಯತೊಡಗಿತು. ಸಸಿ ಮಾರುವವನೊಬ್ಬ ತನ್ನ ಗಿಡಗಳಿಗೆಲ್ಲ ಪಟ್ಟಿ ಮಾಡಿ ಫೋಟೊ ಕಳಿಸಿದ. ಯಾರೋ ನಿವೃತ್ತ ದಾದಿ ಬರೆದಳು: "ಗುಂಡುಸೂಜಿ ಕಂಡುಹಿಡಿದವರ ಕಾಲಿಗೆ ಬೀಳ್ಬೇಕು." ಅತ್ತೆ ಅದನ್ನು ನನ್ನಿಂದ ಮೂರು ಸಲ ಓದಿಸಿದರು.

ರಜೆ ಮುಗಿಯಲು ತಿಂಗಳಿರುವಾಗ ವಿಭಾಗದ ಮುಖ್ಯಸ್ಥೆಯಿಂದ ಸಂದೇಶ ಬಂತು. ಮುಂದಿನ ಹದಿನೈದರೊಳಗೆ ವಾಪಸ್ ಬರುತ್ತೀರೋ ಇಲ್ಲವೋ ತಿಳಿಸಿ. ಮೂರು ತಿಂಗಳ ಹಿಂದಾಗಿದ್ದರೆ ಆ ಕ್ಷಣವೇ ಇಲ್ಲ ಎಂದು ಬರೆಯುತ್ತಿದ್ದೆ. ಆದರೆ ಐವತ್ತೈದನೇ ಪಾಠದಿಂದೀಚೆಗೆ ಏನೋ ಕೆಟ್ಟಿತ್ತು. ಮೊದಲೆಲ್ಲ ನೂರರಲ್ಲಿ ಐವತ್ತಕ್ಕೂ ಹೆಚ್ಚು ಜನ ಪಾಠವನ್ನು ಕೊನೆಯವರೆಗೆ ನೋಡುತ್ತಿದ್ದರು. ಈಗ ಎರಡನೇ ನಿಮಿಷಕ್ಕೇ ಎದ್ದುಹೋಗುತ್ತಿದ್ದರು, ಉಳಿಯುತ್ತಿದ್ದವರು ಮೂವತ್ತೊಂದು. ನನಗೆ ನಾನೇ ಒಂದು ಷರತ್ತು ಹಾಕಿಕೊಂಡೆ: ಅರ್ಧದಷ್ಟು ಜನ ಮತ್ತೆ ಕೊನೆಯವರೆಗೆ ಕೂತರೆ ರಾಜೀನಾಮೆ. ಇಲ್ಲದಿದ್ದರೆ ಮತ್ತೆ ಆ ಕಬ್ಬಿಣದ ಬೀರುಗಳ ನಡುವಿನ ಕುರ್ಚಿ.

"ಅಕ್ಕಾ," ಎಂದು ಒಬ್ಬರು ಬರೆದಿದ್ದರು, "ಸೇವ್ ಬಟನ್ ಎಲ್ಲಿದೆ ಅಂತ ಮೂರು ಸಲ ತೋರಿಸಿದ್ರಿ. ಎರಡು ಪಟ್ಟಿ ಜೋಡಿಸೋದನ್ನ ಮಾತ್ರ ಒಂದೇ ಉಸಿರಲ್ಲಿ ಮುಗಿಸಿಬಿಟ್ರಿ."

ಊಟದ ಹೊತ್ತಿನಲ್ಲಿ ಅದನ್ನು ಓದಿ ಹೇಳಿದೆ. ಮಾವ ತಟ್ಟೆಯಿಂದ ತಲೆ ಎತ್ತದೆ, "ನಿಲ್ದಾಣದಲ್ಲಿ ನಿಲ್ಸಲ್ಲ, ಖಾಲಿ ಬಯಲಲ್ಲಿ ನಿಲ್ಸಿ ಹತ್ತಿ ಹತ್ತಿ ಅಂತೀಯ" ಎಂದರು. ಅತ್ತೆ ಅವರ ತಟ್ಟೆಗೆ ಕೇಳದೆಯೇ ಇನ್ನಷ್ಟು ಬಡಿಸಿ ಬಾಯಿ ಮುಚ್ಚಿಸಿದರು. ನನಗಂತೂ ಅರ್ಥವಾಗಲಿಲ್ಲ. ಸೇವ್ ಬಟನ್ ಹತ್ತಿರ ಮೂರು ಚುಕ್ಕೆ ಬಿದ್ದಿದ್ದವು. ಪಟ್ಟಿ ಜೋಡಿಸುವಲ್ಲಿ ಒಂದೂ ಇರಲಿಲ್ಲ. ನಾನು ಚುಕ್ಕೆಗಳ ಮಾತು ಕೇಳಿದ್ದೆ, ಅಷ್ಟೆ.

ಅರವತ್ತಮೂರನೇ ಪಾಠದ ದಿನ ಕರೆಗಂಟೆ ಬಡಿಯಿತು. ಪಾರ್ಸೆಲ್ ಬಂದಿತ್ತು, ಬಾಗಿಲ ಹಾಸಿಗೆ ಸರಿಸಿ, ಕೆಳಗಿಳಿದು ಸಹಿ ಹಾಕಿ ಬಂದೆ. ಪರದೆಯ ಮೇಲೆ ಆಗುವುದನ್ನೆಲ್ಲ ಸದ್ದು ಸಮೇತ ಹಿಡಿದಿಡುವ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದೆ. ಮರುದಿನ ಕತ್ತರಿಸಲು ಕೂತಾಗ ಅದು ಸಿಕ್ಕಿತು: ಎಂಟು ನಿಮಿಷ, ನಾನಿಲ್ಲದ ಕೋಣೆ.

ಅತ್ತೆಯ ಬಾಣ ನನ್ನೆದುರು ಇರುವೆಯ ಹಾಗೆ ತಡವರಿಸುತ್ತಾ ಹೋಗುವಂಥದು. ಹೊರಬಾಗಿಲು ಹಾಕಿದ ಸದ್ದಾಗಿದ್ದೇ ತಡ, ಅದು ಸರಸರನೆ ಮೇಲಕ್ಕೆ ಹೋಯಿತು. 'ಕಾಜಾ' ಎಂಬ ಹೆಸರಿನ ಫೋಲ್ಡರ್ ತೆರೆಯಿತು. ಒಳಗೆ ಒಂದು ಹಾಳೆ. ನಾಲ್ಕು ಕಂಬಸಾಲು: ಪಾಠ, ನಿಮಿಷ, ಏನು, ಎತ್ತಿದ್ದು. ಅರವತ್ತಮೂರನೇ ಪಾಠದ ಎದುರಿಗೆ ಹೀಗಿತ್ತು: ಎರಡನೇ ನಿಮಿಷ, ಸೇವ್ ಕಾಣಿಸಲಿಲ್ಲ. ನಾಲ್ಕನೇ ನಿಮಿಷ, ಎರಡು ಸಲ ಒತ್ತೋದು ಮರೆತುಹೋಯ್ತು. ಆರನೇ ನಿಮಿಷ, ಸುಮ್ಮನೆ.

ಸುಮ್ಮನೆ!

ಎತ್ತಿದ್ದು ಎನ್ನುವ ಕಂಬಸಾಲಿನ ಕೆಳಗೆ, ಆ ದಿನ ಎಷ್ಟು ಸಲ ಕೈ ಎತ್ತಬೇಕೆಂದು ತಿಳಿಯಲು, ಹಿಂದಿನ ಎಂಟು ಪಾಠಗಳ ಸರಾಸರಿ, ಗುಂಡುಸೂಜಿ ಸಮೇತ. ಐದೂಮುಕ್ಕಾಲು ಬಂದಿದ್ದನ್ನು ಪೂರ್ತಿ ಆರು ಮಾಡಿಕೊಳ್ಳಲು ಅವರು ಬಳಸಿದ್ದ ಸೂತ್ರವನ್ನು ನಾನಿನ್ನೂ ಕಲಿಸಿಯೇ ಇರಲಿಲ್ಲ. ಮೆಟ್ಟಿಲ ಮೇಲೆ ನನ್ನ ಚಪ್ಪಲಿಯ ಸದ್ದು ಕೇಳುತ್ತಲೇ ಹಾಳೆ ಮುಚ್ಚಿತು, ಬಾಣ ಪರದೆಯ ನಡುವಿಗೆ ಬಂದು ಮತ್ತೆ ಇರುವೆಯಾಯಿತು.

ಮೊದಲು ಬಿದ್ದು ಬಿದ್ದು ನಕ್ಕೆ. ಆಮೇಲೆ ಸಿಟ್ಟು ಬಂತು. ಆಮೇಲೆ ಹಳೆಯ ಚುಕ್ಕೆಗಳನ್ನೆಲ್ಲ ತಿರುವಿ ನೋಡಿದೆ. ಇಲ್ಲದ ಕಷ್ಟವನ್ನು ಬಿಡಿಸುತ್ತಾ, ಇದ್ದ ಕಷ್ಟವನ್ನು ಹಾರಿಸುತ್ತಾ ಎಂಟು ಪಾಠ ಹೊರಗೆ ಬಿಟ್ಟಿದ್ದೆ.

ಮರುದಿನ ಹತ್ತಕ್ಕೆ ಸರಿಯಾಗಿ ಆ ಹಾಳೆಯನ್ನೇ ತೆರೆದಿಟ್ಟೆ. ಅತ್ತೆ ಬಂದು ಕೂತು, ಕನ್ನಡಕ ಏರಿಸಿ, ಮೌಸು ಹಿಡಿದು, ಪರದೆ ನೋಡಿದರು. ಕೈ ಎತ್ತಿದರು. ಈ ಸಲ ನಿಜವಾಗಿಯೇ ಎತ್ತಿದ್ದರು.

"ಯಾರದ್ದು ಅತ್ತೆ ಇದು?"

"ಯಾರದ್ದೋ ಇರ್ಬೇಕು."

"ಕಾಜಾ ಅಂತ ಹೆಸರಿದೆ."

"ಲೋಕದಲ್ಲಿ ಕಾಜಾ ಹಾಕೋಳು ನಾನೊಬ್ಳೇನಾ?"

ನಾನು ಪರದೆಯಲ್ಲಿ 'ಸುಮ್ಮನೆ' ಎಂಬಲ್ಲಿ ಬೆರಳಿಟ್ಟೆ. ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಲವತ್ತನೇ ಪಾಠದಿಂದ ಸ್ವಲ್ಪ ಸ್ವಲ್ಪ," ಎಂದರು. "ಐವತ್ತೈದರಿಂದ ಪೂರ್ತಿ."

"ಯಾಕತ್ತೆ?"

"ಒಂದಿನ ಒಂದೂ ಚುಕ್ಕೆ ಬೀಳ್ಲಿಲ್ಲ. ನೀನು ಪುಸ್ತಕ ಮುಚ್ಚಿ, ಆಯ್ತು ಅತ್ತೆ, ನೀವಿನ್ನು ಹೋಗಿ ಅಂದೆ. ನೆನಪಿದ್ಯಾ?"

ನೆನಪಿರಲಿಲ್ಲ.

"ಅಡುಗೆಮನೆಗೆ ಹೋದೆ. ಹತ್ತೂಕಾಲು. ಎಲ್ಲಾ ಕೆಲಸ ಹತ್ತರೊಳಗೇ ಮುಗಿಸಿಟ್ಟಿದ್ದೆ, ಇಲ್ಲಿ ಕೂರ್ಬೇಕು ಅಂತ. ಹನ್ನೆರಡರ ತನಕ ಏನು ಮಾಡ್ಲಿ ಹೇಳು? ತೊಳೆದ ಪಾತ್ರೆನೇ ಮತ್ತೆ ತೊಳೆದೆ." ಅವರು ಹಾಳೆಯ ಕಡೆ ಗಲ್ಲ ತೋರಿಸಿದರು. "ನಂಗೆ ಬರುತ್ತೆ ಅಂತ ಹೇಳಿದ್ರೆ ಬೇರೆ ಯಾರನ್ನಾದ್ರೂ ತಂದು ಕೂರಿಸ್ತಿದ್ದೆ ತಾನೆ?"

ಕೂರಿಸುತ್ತಿದ್ದೆ. ಅದನ್ನು ಹೇಳದೆ ಮೂವತ್ತೊಂದರ ಲೆಕ್ಕ ಹೇಳಿದೆ, ಹದಿನೈದನೇ ತಾರೀಖಿನ ವಿಷಯ ಹೇಳಿದೆ. ಕ್ಯಾಲೆಂಡರಿನಲ್ಲಿ ಉಳಿದಿದ್ದು ಹನ್ನೆರಡು ದಿನ.

ಅತ್ತೆಯ ಮುಖ ಇಷ್ಟೇ ಇಷ್ಟಾಯಿತು. "ನಿನ್ನ ಕೆಲಸಕ್ಕೆ ಕಲ್ಲು ಹಾಕೋಕೆ ಮಾಡಿದ್ದಲ್ಲ ಕಣೇ."

"ಗೊತ್ತು ಅತ್ತೆ."

ಅವರು ಎದ್ದರು. ಕುರ್ಚಿಯ ದಿಂಬನ್ನು ಎರಡು ಸಲ ತಟ್ಟಿದರು. ಬಾಗಿಲ ಹಾಸಿಗೆ ಸರಿಸಿ ಕೂಗಿದರು: "ರೀ! ಬನ್ರೀ ಇಲ್ಲಿ!"

ಮಾವ ಪೇಪರ್ ಕೈಯಲ್ಲೇ ಹಿಡಿದು ಬಂದರು. "ಏನು, ಬಲ್ಬ್ ಹೋಯ್ತಾ?"

"ಕೂತ್ಕೊಳ್ಳಿ."

"ನಾನ್ಯಾಕೆ?"

"ನಿಮಗೆ ಏನೂ ಬರಲ್ಲ. ಅದಕ್ಕೆ."

"ಮೂವತ್ನಾಲ್ಕು ವರ್ಷ ಬಸ್ ಓಡಿಸಿದೀನಿ, ಒಂದು ಕೋಳಿಗೂ ತಾಗಿಸಿಲ್ಲ."

"ಇಲ್ಲಿ ಕೋಳಿ ಇಲ್ಲ. ಕೂತ್ಕೊಳ್ರೀ, ಸೊಸೆ ಕೆಲಸದ ಪ್ರಶ್ನೆ."

ಮಾವ ಕೂತರು. ಕುರ್ಚಿಯನ್ನು ಹಿಂದೆ ಮುಂದೆ ಮಾಡಿ ಕಾಲಿಗೆ ಸರಿಹೊಂದಿಸಿಕೊಂಡರು. ಮೌಸನ್ನು ಬಸ್ಸಿನ ಗೇರಿನ ಗುಂಡಿನ ಹಾಗೆ ಅಂಗೈ ತುಂಬ ಹಿಡಿದರು. ಅಭ್ಯಾಸಬಲದಿಂದ ಎಡಕ್ಕೆ, ಬಲಕ್ಕೆ ಕನ್ನಡಿ ಹುಡುಕಿದರು. ನಾನು ರೆಕಾರ್ಡಿಂಗ್ ಶುರುಮಾಡಿ, ನೋಟುಬುಕ್ ತೆರೆದು, ಮೊದಲ ಪಾಠ ಹೇಳತೊಡಗಿದೆ. ಒಂದು ನಿಮಿಷದೊಳಗೆ ನಾಲ್ಕು ಚುಕ್ಕೆ. ನಿಜವಾದ ಕೈ ಹೇಗೆ ಏಳುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು: ಅದು ಎದ್ದು, ಗಾಳಿಯಲ್ಲಿ ನಿಂತು, ಯಾರನ್ನು ಬೈಯಲಿ ಎಂದು ಸುತ್ತ ನೋಡುತ್ತದೆ.

ಅತ್ತೆಗೆ ತಡೆಯಲಾಗಲಿಲ್ಲ. "ಅಲ್ಲಲ್ಲ, ಆ ಮನೆ ತುಂಬಿದೆಯಲ್ಲ, ಪಕ್ಕದ್ದಕ್ಕೆ ಹೋಗಿ. ಟ್ಯಾಬ್ ಒತ್ತಿ. ಎಡಗಡೆ, ಎಡಗಡೆ... ಊಟ ಮಾಡದ ಕೈ!"

"ಹಾಗೆ ಹೇಳಿದ್ರೆ ಗೊತ್ತಾಗುತ್ತೆ. ಇವಳು ಏನೋ ರೇಡಿಯೊ ಥರ ಹೇಳ್ತಾಳೆ." ಮಾವ ಏನೋ ಒತ್ತಿದರು. ಬರೆದದ್ದೆಲ್ಲ ಮಾಯವಾಯಿತು. ಅವರ ಎರಡೂ ಕೈ ಮೇಲೆದ್ದವು. "ತಪ್ಪು ರಸ್ತೆಗೆ ಬಂದ್ಬಿಟ್ಟೆ. ರಿವರ್ಸ್ ಎಲ್ಲಿದೆ?"

"ಕಂಟ್ರೋಲ್ ಒತ್ಕೊಂಡೇ ಜೆಡ್ ಒತ್ತಿ," ಎಂದರು ಅತ್ತೆ.

ಬರೆದದ್ದು ವಾಪಸ್ ಬಂತು. ಮಾವ ನನ್ನ ಕಡೆ ತಿರುಗಿದರು. "ರಿವರ್ಸ್ ಹೇಳ್ಕೊಡದೆ ಯಾರಾದ್ರೂ ಗಾಡಿ ಕೈಗೆ ಕೊಡ್ತಾರೇನಮ್ಮ?"

ಆಮೇಲೆ ನಮ್ಮ ಪಾಠಗಳ ಪಟ್ಟಿ ತೆಗೆದು ನೋಡಿದೆ. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಮ್ಮಲ್ಲಿ ಹದಿನೇಳನೇ ಪಾಠದಲ್ಲಿ, ಅದೂ ಎರಡು ವಾಕ್ಯದಲ್ಲಿ ಬರುತ್ತಿತ್ತು. ಅತ್ತೆ ಏನನ್ನೂ ಅಳಿಸಿಹಾಕದಷ್ಟು ಜಾಗರೂಕರು. ಬಟ್ಟೆ ಒಮ್ಮೆ ಕತ್ತರಿಸಿದರೆ ಮುಗಿಯಿತು ಎಂದು ಬಲ್ಲ ಕೈ. ಅವರಿಗೆ ಅದು ಬೇಕಾಗಿಯೇ ಇರಲಿಲ್ಲ.

ಮೊದಲಿನಿಂದ ಶುರುಮಾಡಿದೆವು. ಪಾಠ ಹೇಳುವವರು ಅತ್ತೆ. ಮೌಸು ಮಾವನದು. ನನ್ನದು ಬಾಗಿಲ ಬಳಿಯ ಸ್ಟೂಲು, ನೋಟುಬುಕ್ಕು, ಕೆಂಪು ಪೆನ್ನು. ಮೂರು ದಿನದ ಮೇಲೆ ಹೊಸ ಮೊದಲ ಪಾಠವನ್ನು ಹಾಕಿದೆವು. ಅದರಲ್ಲಿ ಕಲಿಸುವುದು ರಿವರ್ಸ್ ಒಂದನ್ನೇ. ಗಂಡ ಹೆಂಡತಿಯ ಕಿತ್ತಾಟವನ್ನೆಲ್ಲ ಕತ್ತರಿಸಬೇಕೆಂದು ಕೂತವಳು ಹಾಗೇ ಬಿಟ್ಟೆ, ಏಕೆಂದರೆ ಅತ್ತೆ ಬೈದ ಕಡೆಯಲ್ಲೆಲ್ಲ ಪಾಠ ಸ್ಪಷ್ಟವಾಗಿತ್ತು. ಮೊದಲ ದಿನವೇ ನಿವೃತ್ತ ದಾದಿ ಬರೆದಳು: "ಅಜ್ಜಿ ಬೈಗುಳ ತೆಗೀಬೇಡಿ. ನನಗೂ ಬೇಕಾಗಿತ್ತು." ಅಜ್ಜಿ ಎಂದಿದ್ದಕ್ಕೆ ಅತ್ತೆಗೆ ಸ್ವಲ್ಪ ಬೇಜಾರಾಯಿತು. ಆದರೂ ಓದಿಸಿದ್ದು ಮೂರು ಸಲವೇ.

ಎಷ್ಟು ಜನ ಉಳಿದರೆಂದು ತೋರಿಸುವ ಗೆರೆ ಎರಡನೇ ನಿಮಿಷದಲ್ಲಿ ಬೀಳಲಿಲ್ಲ. ನಾನು ದಿನಕ್ಕೆ ಹತ್ತು ಸಲ ನೋಡಿದೆ. ಕೊನೆಯವರೆಗೆ ಕೂತವರು ನೂರಕ್ಕೆ ನಲವತ್ತೆರಡು, ನಲವತ್ತೊಂಬತ್ತು. ಹದಿನಾಲ್ಕನೇ ತಾರೀಖಿಗೆ ಐವತ್ತೆಂಟು.

ಹದಿನೈದರ ಬೆಳಿಗ್ಗೆ ಹತ್ತಕ್ಕೆ ಮುದ್ರಿಸುವ ಪಾಠ. ಮಾವನ ಅಭ್ಯಾಸಕ್ಕೆ ಏನಾದರೂ ಬೇಕಿತ್ತು. ನನ್ನ ರಾಜೀನಾಮೆ ಪತ್ರ ಕೊಟ್ಟೆ. ಪಾಠದ ಪ್ರತಿಯಲ್ಲಿ ಹೆಸರು ವಿಳಾಸ ಮಸುಕು ಮಾಡಿದರಾಯಿತು. ಮಾವ ಮೊದಲು ಗಟ್ಟಿಯಾಗಿ ಓದಿದರು. 'ಈವರೆಗಿನ ಸಹಕಾರಕ್ಕೆ' ಎಂಬಲ್ಲಿ ನಿಲ್ಲಿಸಿ, "ಸಹಕಾರ ಕೊಟ್ಟಿದ್ರಾ ಅವರು?" ಎಂದರು.

"ಬರೀಬೇಕು ಮಾವ, ಹಾಗೆ."

"ಕಂಟ್ರೋಲ್ ಪಿ," ಎಂದರು ಅತ್ತೆ, ಮೈಕಿನ ಕಡೆ ಬಾಗಿ, ಇತ್ತೀಚೆಗೆ ರೂಢಿಸಿಕೊಂಡ ಗಂಭೀರ ದನಿಯಲ್ಲಿ. "ಒತ್ತೋಕೆ ಮುಂಚೆ ಪಕ್ಕದಲ್ಲಿ ಕಾಣೋ ಸಣ್ಣ ಚಿತ್ರ ನೋಡ್ಕೊಳ್ಳಿ ಅಂದೆ, ಆದ್ರೆ ಇವರು ನೋಡ್ಲಿಲ್ಲ."

ಪ್ರಿಂಟರ್ ಗೊರಗುಟ್ಟಿತು. ಒಂದು ಹಾಳೆ ಬಂತು. ಮಾವ ಗೆದ್ದವರಂತೆ ಅದನ್ನು ಎತ್ತಿಕೊಂಡರು. ಅಷ್ಟರಲ್ಲಿ ಇನ್ನೊಂದು ಬಂತು: ಪೂರ್ತಿ ಬಿಳಿ, ಮೇಲ್ತುದಿಯಲ್ಲಿ 'ಇತಿ ತಮ್ಮ ವಿಶ್ವಾಸಿ' ಎನ್ನುವ ಒಂದೇ ಸಾಲು, ಕೆಳಗೆ ನನ್ನ ಹೆಸರು.

"ಇವಳು ಹಿಂದಿನ ಬಸ್ಸಲ್ಲಿ ಬಂದ್ಲಲ್ಲ!" ಎಂದರು ಮಾವ. ಮೌಸಿನಿಂದ ಅವರ ಕೈ ಎರಡು ಬೆರಳಷ್ಟು ಮೇಲೆದ್ದು ಹಾಗೇ ನಿಂತಿತು.

ಅತ್ತೆ ನನ್ನ ಕಡೆ ನೋಡಿದರು. ನಾನು ಚುಕ್ಕೆ ಇಟ್ಟೆ. ಅವರು ಕುರ್ಚಿಯನ್ನು ಮಾವನ ಹತ್ತಿರಕ್ಕೆ ಎಳೆದುಕೊಂಡರು. ಗೋಡೆಯ ಮೇಲಿನ ಗಡಿಯಾರದಲ್ಲಿ ಇನ್ನೂ ಹತ್ತೂಕಾಲು.