ಅಂಚು ಕತ್ತರಿಸಬೇಡಿ

ಬೈಂಡರನ ಮಗಳಿಗೆ ಒಂದೇ ವಾರದಲ್ಲಿ ಎರಡು ಕಡೆಯಿಂದ ಸೀಟು ಬಂತು. ಇತಿಹಾಸವನ್ನೇ ಓದುತ್ತೇನೆಂದು ಹಟ ಹಿಡಿದಿದ್ದ ಹುಡುಗಿಗೆ ಒಂದು ಸಿಕ್ಕಿದ್ದರೂ ಮನೆಯವರು ಕುಣಿದಾಡುತ್ತಿದ್ದರು. ಎರಡು ಸಿಕ್ಕಿದ್ದೇ ತಡ, ಯಾರಿಗೂ ನೆಮ್ಮದಿ ಇಲ್ಲದಂತಾಯಿತು. ಅವೇನು ಅಂಥಿಂಥ ವಿಶ್ವವಿದ್ಯಾಲಯಗಳಲ್ಲ, ಹೆಸರು ಹೇಳಿದರೆ ಎದುರಿಗಿದ್ದವರು ಕೂತಲ್ಲೇ ನೆಟ್ಟಗಾಗುವಂಥವು. ಮನೆಯಲ್ಲಿ ಒಂದನ್ನು ‘ಗೋಪುರ’ ಎನ್ನುತ್ತಿದ್ದರು. ಅಲ್ಲೊಂದು ಗಡಿಯಾರದ ಗೋಪುರವಿತ್ತು, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಇನ್ನೊಂದು ‘ದಂಡೆ’. ಅದು ನದಿಯ ದಂಡೆಯ ಮೇಲಿತ್ತು, ರೈಲಿನಲ್ಲಿ ಹನ್ನೊಂದು ಗಂಟೆ. ಶುಕ್ರವಾರ ಸಂಜೆ ಐದರೊಳಗೆ ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಅನ್ನಬೇಕಿತ್ತು.

ಮಗಳು ಹಾಳೆಯ ನಡುವೆ ಗೆರೆ ಎಳೆದು ಆಚೆ ಈಚೆ ಬರೆಯುತ್ತ ಕೂತಳು. ಪ್ರೊಫೆಸರುಗಳು, ಹಾಸ್ಟೆಲು, ವಿದ್ಯಾರ್ಥಿವೇತನ, ಯಾವುದರಲ್ಲೂ ಒಂದು ಇನ್ನೊಂದಕ್ಕೆ ಕಮ್ಮಿಯಿಲ್ಲ. ಹಾಳೆ ತುಂಬಿತೇ ಹೊರತು ತಲೆ ಹಗುರಾಗಲಿಲ್ಲ. ಬುಧವಾರ ಊಟದ ಹೊತ್ತಿಗೆ ಅಮ್ಮನನ್ನು ಕೇಳಿದಳು. ಅಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವಾಕೆ, ಯಾರ ಮಾತಿಗೂ ಸುಲಭವಾಗಿ ಸಿಕ್ಕಿಕೊಳ್ಳುವವಳಲ್ಲ.

“ನನ್ನನ್ನ ಕೇಳಬೇಡ ತಾಯಿ. ನಾನು ಹೇಳಿದ್ದು ಸರಿಹೋಗಲಿಲ್ಲ ಅಂದ್ರೆ ಮೂರು ವರ್ಷ ನನ್ನ ತಲೆ ತಿಂತೀಯ. ನಿಮ್ಮಪ್ಪನ್ನ ಕೇಳು. ಎರಡೂ ಕಡೆ ಲೈಬ್ರರಿ ಪುಸ್ತಕಗಳನ್ನ ಇಪ್ಪತ್ತೆರಡು ವರ್ಷದಿಂದ ಹೊಲೀತಿರೋದು ಅವರೇ ತಾನೆ?”

“ಹೇಳಪ್ಪ, ಯಾವುದು?” ಅಂದಳು ಮಗಳು.

“ಗೋಪುರ,” ಅಂದ ಬೈಂಡರ್.

“ಯಾಕೆ?”

“ಹಳೇದು. ಗಟ್ಟಿ ಇದೆ.”

“ಏನು ಗಟ್ಟಿ, ಗೋಡೆನಾ?”

“ಎಲ್ಲಾನೂ ಗಟ್ಟಿನೇ. ಉಣ್ಣು ವಕೀಲಮ್ಮ, ಆರಿಹೋಗತ್ತೆ.”

ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು ನೋಡಿ. ಬೈಂಡರನಿಗೆ ಅದಿರಲಿಲ್ಲ, ಕಿವಿ ಕೆಂಪಾಗಿ ನೀರು ಕುಡಿಯುವ ನೆಪದಲ್ಲಿ ಎದ್ದುಹೋದ. ಮಗಳು ಮಾತ್ರ ನಂಬಿದಳು. ಅಪ್ಪ ಪುಸ್ತಕದ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಸುಳ್ಳಿಗೆ ಕಾರಣವಿತ್ತು. ಬೈಂಡರ್ ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದುತ್ತಿದ್ದ, ಇಡೀ ಪುಟವೆಂದರೆ ಬೆವರಿಳಿಯುತ್ತಿತ್ತು. ಏಳನೇ ವರ್ಷದಿಂದ ಮಗಳು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು, ಅವನು ಹೊಲಿಯುವಾಗ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ರಾಜರ ಯುದ್ಧ, ಉಪ್ಪಿನ ವ್ಯಾಪಾರ, ಹಳೆಯ ಗೋರಿಗಳು, ಕೈಗೆ ಬಂದದ್ದು. ಕೊನೆಗೇನಾಯಿತೆಂದು ತಿಳಿಯುವವರೆಗೆ ಕೆಲವು ಪುಸ್ತಕಗಳ ರಿಪೇರಿಯೇ ಮುಗಿಯುತ್ತಿರಲಿಲ್ಲ. ಅವಳು ದಂಡೆಗೆ ಹೋದರೆ ಆ ಸ್ಟೂಲು ಖಾಲಿ. ಗೋಪುರಕ್ಕೆ ಹೋದರೆ ಶನಿವಾರ ಭಾನುವಾರವಾದರೂ ಬಂದು ಓದಿಯಾಳು. ಅವನ ಲೆಕ್ಕಾಚಾರವೆಲ್ಲ ಇಷ್ಟೇ, ಇಷ್ಟಕ್ಕೇ ಅವನು ಮಗಳ ಮೂರು ವರ್ಷವನ್ನು ಈ ಕಡೆಗೆ ಎಳೆದುಕೊಂಡಿದ್ದ.

ಶುಕ್ರವಾರ ಬೆಳಿಗ್ಗೆ ಹೊರಡುವಾಗ ಮಗಳು, “ಹನ್ನೆರಡಕ್ಕೆ ಅಂಗಡಿಗೆ ಬರ್ತೀನಿ. ಅಲ್ಲೇ ಕೂತು ಗೋಪುರಕ್ಕೆ ಹೂಂ ಅಂತ ಕಳಿಸಿಬಿಡೋಣ,” ಅಂದಳು.

ಅಂಗಡಿಯ ಮೇಜಿನ ಮೇಲೆ ಎರಡು ದಪ್ಪ ಪುಸ್ತಕಗಳಿದ್ದವು. ಒಂದೇ ಪುಸ್ತಕದ ಎರಡು ಪ್ರತಿ, ಏಳುನೂರು ಪುಟದ ಇತಿಹಾಸ. ಗೋಪುರದ್ದೊಂದು, ದಂಡೆಯದೊಂದು. ಎರಡೂ ಕಡೆ ಮೊದಲ ವರ್ಷಕ್ಕೆ ಅದನ್ನೇ ಪಠ್ಯವಾಗಿ ಇಟ್ಟಿದ್ದರು. ಬೈಂಡರ್ ಎರಡನ್ನೂ ಬಿಚ್ಚಿ ಹೊಸದಾಗಿ ಹೊಲಿದಾಗಿತ್ತು, ರಟ್ಟು ಕಟ್ಟುವುದು ಬಾಕಿ. ಮುಚ್ಚಿದ ಪುಸ್ತಕದ ಅಂಚು ನೋಡಿದರೆ ಓದು ಬಾರದವನಿಗೂ ಒಂದು ವಿಷಯ ಗೊತ್ತಾಗುತ್ತದೆ. ಬೆರಳು ಮುಟ್ಟಿದಷ್ಟು ದೂರ ಅಂಚು ಕಪ್ಪಾಗಿರುತ್ತದೆ, ಮುಟ್ಟದ ಕಡೆ ಬೆಳ್ಳಗೇ ಉಳಿದಿರುತ್ತದೆ. ಗೋಪುರದ ಪ್ರತಿಯಲ್ಲಿ ಮೊದಲ ಅರವತ್ತು ಪುಟ ಕಪ್ಪು, ಆಮೇಲೆ ಬಿಳಿ. ದಂಡೆಯದು ಮೊದಲಿನಿಂದ ಕಡೆಯ ಟಿಪ್ಪಣಿಗಳವರೆಗೆ ಒಂದೇ ಸಮನೆ ಕಪ್ಪು. ಇದು ಇವತ್ತಿನ ಮಾತಲ್ಲ, ಇಪ್ಪತ್ತೆರಡು ವರ್ಷದಿಂದಲೂ ಹೀಗೇ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಓದುವವರು ಯಾವ ಕಡೆ ಇದ್ದಾರೆಂದು ಮಗಳು ಬಾಗಿಲಲ್ಲೇ ಕಂಡುಹಿಡಿಯುತ್ತಾಳೆ. ಎತ್ತಿ ಮೇಲಿನ ಹಲಗೆಗೆ ಇಟ್ಟಿದ್ದರೂ ಆಗುತ್ತಿತ್ತು. ಆದರೆ ಹೆದರಿದವನಿಗೆ ಬುದ್ಧಿ ಎಲ್ಲಿಂದ ಬರಬೇಕು? ದಂಡೆಯ ಪುಸ್ತಕವನ್ನು ಕಟಿಂಗ್ ಮಷೀನಿಗೆ ಕೊಟ್ಟು ಕತ್ತಿ ಇಳಿಸಿದ. ಕೊಳೆ ಒಳಗಿಳಿದಿತ್ತು, ಎರಡನೇ ಸಲವೂ ಇಳಿಸಿದ. ಅಂಚು ಬೆಳ್ಳಗೆ ಹೊಸದರಂತಾಯಿತು. ಕಪ್ಪು ಚೂರುಗಳೆಲ್ಲ ಕೆಳಗಿನ ಬುಟ್ಟಿಗೆ ಬಿದ್ದವು.

ಮಗಳು ಬಂದಳು. ಸ್ಟೂಲಿನ ಮೇಲೆ ಕೂತು ಫೋನು ತೆಗೆದವಳು, ಮೇಜಿನತ್ತ ನೋಡಿ ಅಲ್ಲೇ ನಿಲ್ಲಿಸಿದಳು.

“ಅಪ್ಪ, ಇದು ದಂಡೆ ಪುಸ್ತಕ ಅಲ್ವಾ? ಇದರ ಜೊತೆ ಲೈಬ್ರರಿಯಿಂದ ಬಂದ ಚೀಟಿ ನಾನೇ ಓದಿ ಹೇಳಿದ್ನಲ್ಲ. ‘ಅಂಚು ಕತ್ತರಿಸಬೇಡಿ’ ಅಂತಿತ್ತು. ಪ್ರತಿ ಸಲವೂ ಅದೇ ಇರತ್ತೆ.”

ಬೈಂಡರ್ ಗೋಂದಿನ ಡಬ್ಬಿ ತೆರೆದು ರಟ್ಟಿಗೆ ಬಳಿಯತೊಡಗಿದ.

“ಮರೆತುಬಿಟ್ಯಾ?”

“ಮರೀಲಿಲ್ಲ.”

ಮರೆತೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೆಲಸದಲ್ಲಿ ಮರೆಯುವವನು ಅನ್ನಿಸಿಕೊಳ್ಳುವುದು ಅವನ ಕೈಲಾಗಲಿಲ್ಲ. ಮಗಳು ಬಗ್ಗಿ ಬುಟ್ಟಿಯಿಂದ ಒಂದು ಹಿಡಿ ಚೂರು ತೆಗೆದಳು. ಚೂರುಗಳ ಮೇಲೆ ಪೆನ್ಸಿಲ್ಲಿನ ಅರ್ಧರ್ಧ ಅಕ್ಷರಗಳು.

“ಇದರಲ್ಲಿ ಜಗಳ ಇತ್ತಲ್ಲಪ್ಪ,” ಅಂದಳು. ಚಿಕ್ಕಂದಿನಿಂದ ಅವಳು ಪುಸ್ತಕಕ್ಕಿಂತ ಹೆಚ್ಚು ಇಷ್ಟಪಟ್ಟು ಓದುತ್ತಿದ್ದದ್ದು ಆ ಜಗಳಗಳನ್ನೇ. ಅಂಚಿನಲ್ಲಿ ಒಬ್ಬ ‘ಇದು ತಪ್ಪು’ ಎಂದು ಬರೆದರೆ, ಕೆಳಗೆ ಇನ್ನೊಬ್ಬಳು ‘ನೀನೇ ತಪ್ಪು, ೪೧೨ನೇ ಪುಟ ನೋಡು’ ಎಂದು ಬರೆದಿರುತ್ತಿದ್ದಳು. ಅಪ್ಪ ಮಗಳು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು.

“ಅಷ್ಟು ವರ್ಷ ಓದಿದ್ಯಲ್ಲ, ಆ ಜಗಳ ಎಲ್ಲ ಯಾವ ಲೈಬ್ರರಿದು ಅಂತ ಯಾವತ್ತಾದ್ರೂ ನೋಡಿದ್ಯಾ?” ಅಂದ ಬೈಂಡರ್. ಅವನ ದನಿ ಇಳಿದುಹೋಗಿತ್ತು. “ಒಂದೂ ಗೋಪುರದ್ದಲ್ಲ. ಗೋಪುರದ ಅಂಚು ಅರವತ್ತು ಪುಟಕ್ಕೇ ಬೆಳ್ಳಗಾಗತ್ತೆ. ದಂಡೇದು ಕೊನೇವರೆಗೂ ಕಪ್ಪು. ಓದೋರು ಅಲ್ಲಿದಾರೆ. ನನಗೆ ಗೊತ್ತಿತ್ತು, ಬುಧವಾರನೂ ಗೊತ್ತಿತ್ತು.”

“ಗೊತ್ತಿದ್ದೂ ಗೋಪುರ ಅಂದ್ಯಾ?”

“ನೀನು ಹೋದ್ರೆ ನನಗೆ ಓದಿ ಹೇಳೋರು ಯಾರು ಅಂತ ಹಾಗಂದೆ.”

ಮಗಳಿಗೆ ಸಿಟ್ಟು ಬಂತು, ಅಳುವೂ ಬಂತು. “ಅದನ್ನೇ ಹೇಳಬಹುದಿತ್ತಲ್ಲ. ಇರು ಅಂದಿದ್ರೆ ಇರ್ತಿದ್ನೋ ಏನೋ. ಸುಳ್ಳು ಹೇಳಿ ಇರಿಸ್ಕೋತಿದ್ಯಲ್ಲ, ಯಾವತ್ತೋ ಒಂದಿನ ನನಗೆ ಗೊತ್ತಾಗ್ತಿರಲಿಲ್ವಾ?”

ಬೈಂಡರ್ ಕೈಗೆ ಅಂಟಿದ್ದ ಗೋಂದನ್ನು ಉಜ್ಜಿ ತೆಗೆದ. ಆಮೇಲೆ ಬುಟ್ಟಿ ಎತ್ತಿ ಮೇಜಿನ ಮೇಲಿಟ್ಟು, ಚೂರುಗಳನ್ನು ಒಂದೊಂದಾಗಿ ನೇರ ಮಾಡಿ ಜೋಡಿಸತೊಡಗಿದ. ಸ್ವಲ್ಪ ಹೊತ್ತು ನೋಡುತ್ತಿದ್ದು ಮಗಳೂ ಸೇರಿಕೊಂಡಳು. ಮುಗಿಯುವಷ್ಟರಲ್ಲಿ ಮೂರೂವರೆಯಾಗಿತ್ತು. ಚೂರುಗಳ ಕಟ್ಟಿಗೆ ದಾರ ಸುತ್ತಿ ಗಂಟು ಹಾಕಿದ ಮೇಲೆ ಬೈಂಡರ್ ಹೇಳಿದ:

“ಒಂದು ಹಾಳೆ ತಗೋ. ದಂಡೆ ಲೈಬ್ರರಿಯವರಿಗೆ ಕಾಗದ ಬರೀಬೇಕು. ನಾನು ಹೇಳ್ತೀನಿ.”

ಮಗಳು ಪೆನ್ನು ತೆಗೆದಳು.

“ನಿಮ್ಮ ಪುಸ್ತಕದ ಅಂಚು ಕತ್ತರಿಸಿಬಿಟ್ಟಿದ್ದೀನಿ. ಕೈತಪ್ಪಿ ಅಲ್ಲ, ಬೇಕಂತಲೇ. ತಪ್ಪು ನನ್ನದು. ಚೂರುಗಳನ್ನ ಒಂದೂ ಬಿಡದ ಹಾಗೆ ಎತ್ತಿಟ್ಟಿದೀನಿ.”

“ಪುಸ್ತಕದ ಜೊತೆ ಪಾರ್ಸೆಲಲ್ಲಿ ಕಳಿಸ್ತೀವಿ ಅಂತ ಬರೀಲಾ?”

“ಬೇಡ. ಪಾರ್ಸೆಲಲ್ಲಿ ಎಲ್ಲಾದ್ರೂ ಕಳೆದುಹೋದ್ರೆ? ಮುಂದಿನ ತಿಂಗಳು ನನ್ನ ಮಗಳು ನಿಮ್ಮಲ್ಲಿಗೇ ಓದೋಕೆ ಬರ್ತಾಳೆ, ಅವಳ ಕೈಲಿ ಕಳಿಸಿಕೊಡ್ತೀನಿ ಅಂತ ಬರಿ.”

ಪೆನ್ನು ನಿಂತಿತು. “ನಿಜವಾಗ್ಲೂ ಹಾಗೇ ಬರೀಲಾ ಅಪ್ಪ?”

“ಬರಿ. ಬರೆದು ಒಂದ್ಸಲ ಓದಿ ಹೇಳು.”

ಅವಳು ಬರೆದಳು. ಫೋನು ತೆಗೆದು ದಂಡೆಗೆ ಹೂಂ, ಗೋಪುರಕ್ಕೆ ಊಹೂಂ ಎಂದು ಕಳಿಸಿದಳು. ಆಮೇಲೆ ಕಾಗದ ಹಿಡಿದು ಮೊದಲಿನಿಂದ ಗಟ್ಟಿಯಾಗಿ ಓದಿದಳು. ಬೈಂಡರ್ ಎದುರಿಗೆ ಕೂತು ಕೊನೆಯವರೆಗೆ ಕೇಳಿದ, ಮುಗಿದ ಮೇಲೆ ಇನ್ನೊಂದು ಸಲ ಓದು ಅಂದ.